ಶಾಲೆಯ ಬಾಗಿಲು ತೆರೆದ ಬಗೆ

ದಾನಗಳಲ್ಲೆಲ್ಲ ವಿದ್ಯಾದಾನವೇ ಶ್ರೇಷ್ಠವೆಂದು ನಾವು ವರ್ಷಂಪ್ರತಿ ಹೇಳುತ್ತೇವೆ. ಆದರೆ ಆ ದಾನವನ್ನು ಯಾರಿಗೆ ಕೊಡಬಾರದೆಂದು ನಿಶ್ಚಯಿಸಿದವರೂ ನಮ್ಮ ಹಿರಿಯರೇ ಎಂಬುದನ್ನು ಹೇಳುವುದಿಲ್ಲ. ವಿದ್ಯಾರ್ಥಿಗಳು ಈ ಸಂಗತಿಯನ್ನೂ ಅರಿತಿರಬೇಕು.

1856ನೆಯ ಇಸವಿಯಲ್ಲಿ ಮಹಾರ ಜಾತಿಯ ಹುಡುಗನೊಬ್ಬನು ಧಾರವಾಡದ ಸರಕಾರಿ ಶಾಲೆಗೆ ಸೇರಬಯಸಿದನು. ಫೀಸು ಕೊಡಲು ಸಿದ್ಧನಿದ್ದರೂ ಅವನಿಗೆ ಪ್ರವೇಶ ದೊರೆಯಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಮೊರೆಯಿಟ್ಟನು. ನ್ಯಾಯವು ಹುಡುಗನ ಕಡೆಗೇ ಇದೆಯೆಂದು ಸರಕಾರವು ಒಪ್ಪಿಕೊಂಡಿತು. ಆದರೂ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರಿಗೆ ಶಾಲೆಯೇ ನಿರುಪಯುಕ್ತವಾದೀತೆಂದು ಅವನನ್ನು ಹೊರಗಿಟ್ಟಿತು! 1858ರಲ್ಲಿ ಲಂಡನ್ನಿನ ಕಂಪೆನಿಯ ನಿರ್ದೇಶಕರು, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ತಿಳಿಸಿದರು. ಆದರೆ ಕಾಗದದ ಮೇಲೆ ತೆರೆದ ಬಾಗಿಲನ್ನು ದಾಟಿ, ಬಡ ಮಕ್ಕಳು ಒಳಗೆ ಬಂದು ಕುಳಿತುಕೊಳ್ಳುವಂತಾಗಲು ಅಷ್ಟೇ ಸಾಲದು.

ಈ ಮಾತನ್ನು ಚೆನ್ನಾಗಿ ಅರಿತವರು ಕುದ್ಮುಲ್ ರಂಗರಾಯರು. 1859ರಲ್ಲಿ ನಮ್ಮ ಕಾಸರಗೋಡು ಸೀಮೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದ ಇವರು, 1892ರಲ್ಲಿ ಅಲ್ಲಿಯ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಮಗುವು ಶಾಲೆಗೆ ಬಂದರೆ ಮನೆಯ ಸಂಪಾದನೆ ಅಷ್ಟು ಕಡಿಮೆಯಾಗುವುದು. ಆದುದರಿಂದ ಹಾಜರಾದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡನ್ನು ಮಾಡಿದರು. ಮಧ್ಯಾಹ್ನದ ಊಟವನ್ನೂ ಒದಗಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಅವರು ಹಿಂಜರಿಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅಕ್ಷರದೊಂದಿಗೆ ನೇಯ್ಗೆ, ಬಡಗಿ ಕೆಲಸಗಳನ್ನೂ ಕಲಿಸಿದರು. ತಮ್ಮ ಶಾಲೆಯಲ್ಲಿ ಕಲಿತವನೊಬ್ಬನು ಅಧಿಕಾರಿಯಾಗಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಹಂಬಲವಾಗಿತ್ತು. 1928ರಲ್ಲಿ ಅವರು ತೀರಿಕೊಂಡರು.

ಇಂತಹ ಅನ್ಯಾಯವು ನಮ್ಮಲ್ಲಿ ಮಾತ್ರ ನಡೆದುದಲ್ಲ. ನಮ್ಮಲ್ಲಿ ಜಾತಿಯು ಮಾಡಿದುದನ್ನು ಅಮೆರಿಕದಲ್ಲಿ ಮೈಬಣ್ಣವು ಮಾಡಿತು. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಸರಕಾರವು ಬೇರೆ ಬೇರೆ ಶಾಲೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 1954ರಲ್ಲಿ. ಅದಕ್ಕಿಂತ ಮೊದಲೇ, 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಸರಕಾರದ ಅಥವಾ ಸರಕಾರದ ನೆರವು ಪಡೆವ ಶಾಲೆಗಳಲ್ಲಿ ಮತ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದಲೇ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ಅದರ 29ನೆಯ ವಿಧಿಯು ಹೇಳುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಹಿಂದೆ ಶಾಲೆಯಲ್ಲಿ ಯಾರು ಎಲ್ಲಿ ಕುಳಿತಿದ್ದರು, ಯಾರು ಬರಲೇ ಇಲ್ಲವೆಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ, ಮಕ್ಕಳಿಗೆ ಮರೆಮಾಚದೆ ತಿಳಿಸಿರಿ. ನಾಚಿಕೆಪಡುವುದಕ್ಕಾಗಿ ಮಾತ್ರವಲ್ಲ; ಪಕ್ಕದಲ್ಲಿ ಕುಳಿತ ಸಹಪಾಠಿಯ ಸ್ಥಾನವು ಯಾರೋ ಇತ್ತ ಭಿಕ್ಷೆಯಲ್ಲ, ತಡವಾಗಿ ಸಂದ ಹಕ್ಕು ಎಂಬುದನ್ನು ಮಕ್ಕಳು ಅರಿಯುವುದಕ್ಕಾಗಿ.