ಕೀಲಿನ ಬೇನೆಯೂ ಹೃದಯದ ಅಪಾಯವೂ

ಬೆಳಗಿನ ಐದು ಗಂಟೆಗೆ ಎದ್ದು ಒಲೆಯ ಮುಂದೆ ನಿಲ್ಲುವ ಅಡುಗೆಯವರಿಗಾಗಲಿ, ದಿನವಿಡೀ ಕಚೇರಿಯ ಮೇಜಿಗೆ ಬಾಗಿ ಕುಳಿತಿರುವ ಗುಮಾಸ್ತರಿಗಾಗಲಿ ಕೀಲುನೋವು ಹೊಸತಲ್ಲ. ವಯಸ್ಸು ಐವತ್ತು ದಾಟಿದ ಮೇಲೆ ಇದು ಇದ್ದದ್ದೇ ಎಂದು ಔಷಧದ ಅಂಗಡಿಯ ಮಾತ್ರೆಯೊಂದನ್ನು ನುಂಗಿ ಕೆಲಸಕ್ಕೆ ಹೊರಡುವುದು ನಮ್ಮವರ ವಾಡಿಕೆ. ಆದರೆ ಕೀಲುನೋವುಗಳೆಲ್ಲ ಒಂದೇ ಬಗೆಯವಲ್ಲ. ಅವುಗಳಲ್ಲೊಂದು, ಕೀಲುಗಳಲ್ಲಿ ತೋರಿಕೊಂಡರೂ, ರಕ್ತನಾಳಗಳನ್ನೂ ಹೃದಯವನ್ನೂ ಕೆಡಿಸಬಲ್ಲುದು.

ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು 1859ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಇಟ್ಟರು, ನಮ್ಮಲ್ಲಿ ಸಂಧಿವಾತವೆನ್ನುವರು. ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯು ಬೇಲಿಯೇ ಎದ್ದು ಹೊಲ ಮೇಯ್ದಂತೆ ಕೀಲುಗಳ ಒಳಪೊರೆಯ ಮೇಲೆಯೇ ತಿರುಗಿ ಬೀಳುವುದು ಇದರ ಸ್ವರೂಪ.

ದಿನವೆಲ್ಲ ನಿಂತು ಸವೆದ ಮೊಣಕಾಲು ಸಾಮಾನ್ಯವಾಗಿ ಸಂಜೆಗೆ ಹೆಚ್ಚು ನೋಯುತ್ತದೆ, ವಿಶ್ರಾಂತಿಯಿಂದ ತಗ್ಗುತ್ತದೆ. ಸಂಧಿವಾತದ ರೀತಿ ಇದಕ್ಕೆ ವಿರುದ್ಧ. ಬೆಳಿಗ್ಗೆ ಏಳುವಾಗ ಎರಡೂ ಕೈಗಳ ಬೆರಳುಗಳು ಬಿಗಿದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗದು, ಕೀಲುಗಳು ಊದಿಕೊಂಡಿರುತ್ತವೆ. ವೃದ್ಧರಲ್ಲಿ ಕೆಲವೊಮ್ಮೆ ಇದು ಭುಜಗಳಿಂದಲೇ ಹಠಾತ್ತನೆ ಆರಂಭವಾಗುವುದುಂಟು.

ಈ ಉರಿಯೂತವು ಕೀಲಿನಲ್ಲಿಯೇ ನಿಲ್ಲುವುದಿಲ್ಲ. ಅಲ್ಲಿ ಹುಟ್ಟಿದ ದ್ರವ್ಯಗಳು ರಕ್ತದೊಡನೆ ಹರಿದು ನಾಳಗಳ ಒಳಮೈಯನ್ನು ಕೆಡಿಸುತ್ತವೆ. ಅಲ್ಲಿ ಜಿಡ್ಡು ಬೇಗನೆ ಕಟ್ಟಿ, ಸುಲಭವಾಗಿ ಒಡೆದು, ರಕ್ತ ಹೆಪ್ಪುಗಟ್ಟುತ್ತದೆ. ಆದುದರಿಂದಲೇ ಈ ರೋಗಿಗಳಲ್ಲಿ ಹೃದಯಾಘಾತದ ಸಂಭವವು ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ವೈದ್ಯರು ಎಣಿಸುತ್ತಾರೆ. ರೋಗ ಕೆರಳಿರುವಾಗ ರಕ್ತದ ಕೊಲೆಸ್ಟರಾಲ್ ಕಡಮೆಯಾಗಿ ತೋರಬಹುದು. ಅದನ್ನು ಕಂಡು ನಿಶ್ಚಿಂತರಾಗಕೂಡದು. ಎದೆನೋವಿಲ್ಲದೆಯೂ ಆಘಾತವಾಗುವುದುಂಟು. ಕಾರಣವಿಲ್ಲದ ಏದುಸಿರು, ತಣ್ಣನೆಯ ಬೆವರು ಕಂಡೊಡನೆ ಆಸ್ಪತ್ರೆಗೆ ಧಾವಿಸತಕ್ಕದ್ದು.

ಬಹುಕಾಲದ ರೋಗಿಗಳಲ್ಲಿ, ವಿರಳವಾಗಿಯಾದರೂ, ಸಣ್ಣ ರಕ್ತನಾಳಗಳೇ ಉರಿಯೂತಕ್ಕೆ ತುತ್ತಾಗುವುವು. ಉಗುರಿನ ಅಂಚಿನಲ್ಲಿ ಕಪ್ಪು ಚುಕ್ಕೆ, ಕಾಲಿನಲ್ಲಿ ಮಾಯದ ಹುಣ್ಣು, ಪಾದವನ್ನು ಮೇಲಕ್ಕೆತ್ತಲಾಗದ ನಿಶ್ಶಕ್ತಿ ಇದರ ಸೂಚನೆಗಳು. ಇವು ಕಂಡರೆ ತಡಮಾಡಬಾರದು.

ಇನ್ನು ಚಿಕಿತ್ಸೆಯ ಮಾತು. ನೋವಿನ ಮಾತ್ರೆಯು ನೋವನ್ನು ಅಡಗಿಸುವುದೇ ಹೊರತು ಮೂಲರೋಗವನ್ನು ತಡೆಯದು. ಅಂಥ ಹಲವು ಮಾತ್ರೆಗಳು ದೀರ್ಘಕಾಲ ಸೇವಿಸಿದರೆ ರಕ್ತದೊತ್ತಡವನ್ನೂ ಹೃದಯಾಘಾತದ ಸಂಭವವನ್ನೂ ಹೆಚ್ಚಿಸಿ, ಜಠರ, ಮೂತ್ರಪಿಂಡಗಳಿಗೂ ಹಾನಿ ಮಾಡುತ್ತವೆ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕಾರ್ಟಿಸೋನಿನ ಪ್ರಭಾವವನ್ನು ಈ ರೋಗದಲ್ಲಿ ತೋರಿಸಿ, 1950ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಪಡೆದರು. ಆದರೆ ಸ್ಟಿರಾಯ್ಡುಗಳ ದೀರ್ಘಸೇವನೆಯಿಂದ ಸಕ್ಕರೆಯೂ ರಕ್ತದೊತ್ತಡವೂ ಏರುತ್ತವೆಂಬುದು ಮುಂದೆ ತಿಳಿದುಬಂತು. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿಯೂ ಇವನ್ನು ಬೆರೆಸಿರುವುದುಂಟು, ಎಚ್ಚರವಿರಲಿ.

ಇಂದು ಮೂಲರೋಗವನ್ನೇ ಹತೋಟಿಯಲ್ಲಿಡುವ ಔಷಧಗಳಿವೆ. ಅವುಗಳಲ್ಲಿ ಮುಖ್ಯವಾದ ಮಿಥೊಟ್ರೆಕ್ಸೇಟ್ ದುಬಾರಿಯದಲ್ಲ. ಇದನ್ನು ವೈದ್ಯರ ನಿರ್ದೇಶನದಂತೆ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು; ತಪ್ಪಿ ದಿನಾಲೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆಗಾಗ ರಕ್ತಪರೀಕ್ಷೆಯೂ ಅವಶ್ಯ. ಉರಿಯೂತ ಶಮನವಾದಷ್ಟೂ ಕೀಲಿನೊಡನೆ ಹೃದಯಕ್ಕೂ ರಕ್ಷಣೆ. ಬೀಡಿ, ಸಿಗರೇಟುಗಳು ಸಂಧಿವಾತವನ್ನೂ ಹೃದ್ರೋಗವನ್ನೂ ಒಟ್ಟಿಗೇ ಬರಮಾಡಿಕೊಳ್ಳುವ ಚಟಗಳು. ಅವನ್ನು ಬಿಡುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಒಂದು ದಿನದ ರಜೆ ಕೇಳಲು ಅಳುಕಿ ರೋಗವನ್ನು ಬೆಳೆಯಗೊಡುವವರು ನಮ್ಮಲ್ಲಿ ಅನೇಕರಿದ್ದಾರೆ. ವಿಮೆಯ ಇ.ಎಸ್.ಐ. ಚೀಟಿಯುಳ್ಳವರು ಅದನ್ನು ಪೆಟ್ಟಿಗೆಯಲ್ಲಿಡದೆ ಬಳಸಬೇಕು. ಇಲ್ಲದವರು ಸರಕಾರಿ ಅಥವಾ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಊದಿದ ಬೆರಳನ್ನು ತೋರಿಸುವಾಗ ರಕ್ತದೊತ್ತಡ, ಸಕ್ಕರೆಗಳನ್ನೂ ಪರೀಕ್ಷಿಸುವಂತೆ ಕೇಳಿರಿ. ಊರಿನಲ್ಲಿ ನಮ್ಮ ದುಡಿಮೆಯನ್ನೇ ನೆಚ್ಚಿದ ಸಂಸಾರವಿದೆ. ದುಡಿಯುವ ಕೈಯ ನೋವನ್ನು ಅಲಕ್ಷಿಸುವುದೆಂದರೆ ಆ ಸಂಸಾರವನ್ನೇ ಅಲಕ್ಷಿಸಿದಂತೆ.