ಕೃಪೆಯೂ ಪ್ರಯತ್ನವೂ: ರಕ್ಷಣೆಯಲ್ಲಿ ಮನುಷ್ಯನ ಪಾಲು

ಕ್ರೈಸ್ತರ ಮಾತಿನಲ್ಲಿ ರಕ್ಷಣೆ ಎಂದರೆ ಪಾಪದಿಂದಲೂ ಅದರ ಫಲವಾದ ಮರಣದಿಂದಲೂ ಬಿಡುಗಡೆ ಹೊಂದಿ ದೇವರ ಸಂಬಂಧಕ್ಕೆ ಮರಳುವುದು. ಕೊಡುವವನು ದೇವರು, ಯೇಸುಕ್ರಿಸ್ತನ ಮರಣ ಮತ್ತು ಪುನರುತ್ಥಾನದ ಮೂಲಕ ಕೊಡುತ್ತಾನೆ ಎಂಬುದರಲ್ಲಿ ಮುಖ್ಯ ಸಭೆಗಳ ನಡುವೆ ತಕರಾರಿಲ್ಲ. ತಕರಾರು ಇರುವುದು ಪಡೆಯುವವನ ಬಗ್ಗೆ. ಅವನು ಸುಮ್ಮನೆ ಕೈಯೊಡ್ಡಿದರೆ ಸಾಕೆ? ಒಡ್ಡುವ ಮನಸ್ಸಾದರೂ ಅವನ ಸ್ವಂತದ್ದೆ? ಒಡ್ಡಿದ ಮೇಲೆ ಮಾಡಬೇಕಾದ್ದೇನಾದರೂ ಉಂಟೆ? ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಎರಡು ಮಾತನ್ನು ಒಂದೇ ಉಸಿರಿಗೆ ಹೇಳಿದ್ದಾನೆ: ನಿಮ್ಮ ರಕ್ಷಣೆಯ ಕೆಲಸವನ್ನು ನೀವೇ ಭಯಭಕ್ತಿಯಿಂದ ಸಾಗಿಸಿ ಎಂಬುದೊಂದು, ಹಾಗೆ ಮಾಡುವ ಮನಸ್ಸನ್ನೂ ಶಕ್ತಿಯನ್ನೂ ನಿಮ್ಮೊಳಗೆ ಹುಟ್ಟಿಸುವವನು ದೇವರೇ ಎಂಬುದು ಇನ್ನೊಂದು. ಮುಂದಿನ ಎರಡು ಸಾವಿರ ವರ್ಷಗಳ ವಾದವೆಲ್ಲ ಈ ಎರಡನ್ನು ಜೋಡಿಸುವ ಪ್ರಯಾಸ.

ಮಂಡ್ಯ ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. ರಾಮಾನುಜರು ನೆಲೆಸಿದ್ದ ಮೇಲುಕೋಟೆ ಇದೇ ಜಿಲ್ಲೆಯದು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಂಡಿರುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ರಾಮಾನುಜರ ನಂತರ ಶ್ರೀವೈಷ್ಣವರಲ್ಲಿ ವಡಗಲೆಯವರು ಮೊದಲನೆಯದನ್ನೂ ತೆಂಗಲೆಯವರು ಎರಡನೆಯದನ್ನೂ ಹಿಡಿದರು. ಕ್ರೈಸ್ತ ವಾದಗಳನ್ನೂ ಈ ಎರಡು ಮರಿಗಳ ಪಕ್ಕ ನಿಲ್ಲಿಸಿ ನೋಡಬಹುದು, ಆದರೆ ಪೂರ್ತಿ ಹೊಂದುವುದಿಲ್ಲ. ದೇವರ ಆಂತರಿಕ ನೆರವಿಲ್ಲದೆಯೂ ಮನುಷ್ಯ ಒಳ್ಳೆಯದನ್ನು ಆರಿಸಬಲ್ಲ ಎಂದ ಪೆಲಾಜಿಯಸ್‌ನ ಮತವನ್ನು 5ನೆಯ ಶತಮಾನದಲ್ಲೇ ತಳ್ಳಿಹಾಕಲಾಯಿತು. ದಕ್ಷಿಣ ಫ್ರಾನ್ಸಿನ ಒರಾಂಜ್‌ನಲ್ಲಿ 529ರಲ್ಲಿ ಸೇರಿದ ಧರ್ಮಸಭೆ, ವಿಶ್ವಾಸದ ಮೊದಲ ಹಂಬಲವೂ ಕೃಪೆಯಿಂದಲೇ ಎಂದು ತೀರ್ಮಾನಿಸಿತು. ಅಂದರೆ ಮಂಗನ ಮರಿ ಅವಚಿಕೊಳ್ಳುವುದು ನಿಜ, ಅವಚುವ ಕೈಯ ಬಲವೂ ತಾಯಿಯದೇ.

ಲೂಥರನು 16ನೆಯ ಶತಮಾನದಲ್ಲಿ ಬೆಕ್ಕಿನ ಕಡೆಗೆ ವಾಲಿದ. ನೀತಿವಂತನೆನಿಸುವುದು ವಿಶ್ವಾಸದಿಂದ ಮಾತ್ರ, ಸತ್ಕ್ರಿಯೆಗಳು ಅದರ ಫಲ ಹೊರತು ಬೆಲೆಯಲ್ಲ ಎಂದ. ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಉತ್ತರಿಸಿತು: ಮೊದಲ ಹೆಜ್ಜೆ ದೇವರದು, ಆದರೆ ಎಚ್ಚರಗೊಂಡ ಮನುಷ್ಯ ಜಡವಸ್ತುವಲ್ಲ, ಒಪ್ಪಲೂ ಬಲ್ಲ, ಒಲ್ಲೆ ಎನ್ನಲೂ ಬಲ್ಲ. ಈ ಜಗಳ ತಣ್ಣಗಾಗಲು 450 ವರ್ಷ ಹಿಡಿಯಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ ಅದರೊಳಗೆ ಬಂದರು.

ಕಾವೇರಿ ಬಯಲಿಗೆ ಈ ಬೋಧನೆಯನ್ನು ಕನ್ನಡದಲ್ಲಿ ತಂದವರು ಯೇಸುಸಭೆಯವರು. ಇಟಲಿಯ ಲಿಯೊನಾರ್ದೊ ಚಿನ್ನಮಿ 17ನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ನೆಲೆಯೂರಿ ಕನ್ನಡ ಕಲಿತು ಧರ್ಮೋಪದೇಶದ ಪುಸ್ತಕ ಬರೆದ. ಮನುಷ್ಯನ ಪಾಲೆಷ್ಟು ಎಂಬ ಪ್ರಶ್ನೆ ಪುಸ್ತಕದಿಂದ ಬೀದಿಗಿಳಿದದ್ದು ಮಾತ್ರ ಒಂದೂವರೆ ಶತಮಾನದ ನಂತರ. ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಪಟ್ಟಣಕ್ಕೆ ತರಿಸಿದ್ದ, ಅವರಲ್ಲಿ ಬಹಳ ಮಂದಿ ಅಲ್ಲಿ ಮತ ಬದಲಿಸಬೇಕಾಯಿತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ, ಅಂಥವರಲ್ಲಿ ಸುಮಾರು 2,000 ಜನ ತನ್ನ ಕಣ್ಣಿಗೆ ಬಿದ್ದರೆಂದೂ ಸುಮಾರು 20,000 ಜನ ಮಂಗಳೂರಿನ ಕಡೆಗೆ ಹಿಂದಿರುಗಿದರೆಂದೂ ಬರೆದಿದ್ದಾನೆ. ಬದಲಾದದ್ದು ಹೊರಗೆ ಮಾತ್ರ, ಎದೆಯೊಳಗೆ ಕ್ರಿಸ್ತನನ್ನು ಬಿಟ್ಟಿರಲಿಲ್ಲ ಎಂಬುದು ಅವರ ಸಮಜಾಯಿಷಿ. ದುಬ್ವಾಗೆ ಅದು ರುಚಿಸಲಿಲ್ಲ, ಬಾಯಿಬಿಟ್ಟು ಒಪ್ಪಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲವಲ್ಲ ಎಂದು ಬೇಸರಪಟ್ಟ. ಸೆರೆಯ ಊಟ ಉಣ್ಣದವನ ಮಾತು ಸ್ವಲ್ಪ ನಿಷ್ಠುರವೇ. ಎದೆಯೊಳಗೆ ಕಾಪಿಟ್ಟ ವಿಶ್ವಾಸ ಸಾಕೆ, ಅದು ನಡೆಯಲ್ಲಿ ಕಾಣಬೇಕೆ ಎಂಬ ಪ್ರಶ್ನೆಯ ಎರಡು ಬದಿಯಲ್ಲಿ ಅವನೂ ಅವರೂ ನಿಂತಿದ್ದರು.

ದಾರಿ ತಪ್ಪಿದವನು ಮರಳುವಾಗ ಅವನ ಪಾಲು ಏನೆಂಬುದನ್ನು ಕಥೋಲಿಕರು ಪಾಪನಿವೇದನೆಯ ಸಂಸ್ಕಾರದಲ್ಲಿ ಬಿಡಿಸಿ ಹೇಳುತ್ತಾರೆ. ಮನಸಾರೆ ಪಶ್ಚಾತ್ತಾಪ ಪಡಬೇಕು, ಗುರುಗಳ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಅವರು ವಿಧಿಸಿದ ಪ್ರಾಯಶ್ಚಿತ್ತ ನಡೆಸಬೇಕು. ಕ್ಷಮೆ ದೇವರದು. ಕ್ಷಮೆ ಸಿಕ್ಕಿತೆಂದು ಲೆಕ್ಕ ಚುಕ್ತಾ ಆಗುವುದೂ ಇಲ್ಲ. ಮದ್ದೂರಿನ ಕಡೆಯ ರೈತನೊಬ್ಬ ವರ್ಷಕ್ಕಿಷ್ಟು ಬದು ಸವರುತ್ತ ಪಕ್ಕದವನ ಕಬ್ಬಿನ ಗದ್ದೆಯಲ್ಲಿ ಎರಡು ಮಾರು ಒಳಹಾಕಿಕೊಂಡನೆನ್ನಿ. ಪಾಪನಿವೇದನೆ ಮುಗಿಸಿ ಪರಮಪ್ರಸಾದ ಸ್ವೀಕರಿಸಿದರೂ ಬದು ಹಳೆಯ ಜಾಗಕ್ಕೆ ಹೋಗಲೇಬೇಕು. ನಷ್ಟ ತುಂಬಿಕೊಡುವುದು ಪ್ರಾರ್ಥನೆಯಿಂದ ತೀರುವ ಋಣವಲ್ಲ.

ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರು ಪ್ರಾಟೆಸ್ಟಂಟರಾದರೂ ಪ್ರಯತ್ನದ ವಿಷಯದಲ್ಲಿ ಸಡಿಲರಲ್ಲ. ಅವರ ಮೂಲಗುರು ಜಾನ್ ವೆಸ್ಲಿ ಪೌಲನ ಇದೇ ವಾಕ್ಯದ ಮೇಲೆ 1785ರಲ್ಲಿ ಒಂದು ಪ್ರಸಂಗ ಪ್ರಕಟಿಸಿದ. ದೇವರು ಒಳಗೆ ಕೆಲಸ ಮಾಡುತ್ತಿರುವುದರಿಂದಲೇ ನೀನು ಮಾಡಬಲ್ಲೆ, ಆದ್ದರಿಂದಲೇ ಮಾಡಲೂ ಬೇಕು ಎಂಬುದು ಅದರ ತಿರುಳು. ಇದಕ್ಕೆ ಅವನು ಕಂಡುಕೊಂಡ ಉಪಾಯ 1742ರಿಂದ ಬೆಳೆದ ಕಿರುಕೂಟ: ಹನ್ನೆರಡರಷ್ಟು ಜನ, ಒಬ್ಬ ಮುಖಂಡ, ಆ ವಾರ ಆತ್ಮದ ಸ್ಥಿತಿ ಹೇಗಿತ್ತೆಂದು ಒಬ್ಬೊಬ್ಬರಿಗೂ ವಿಚಾರಣೆ. ಈ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ಯಲ್ಲಿ ಸೇರಿದವು.

ಮಂಡ್ಯ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಆದರೂ ಇಲ್ಲಿನ ಕಥೋಲಿಕರಲ್ಲಿ ಉಪವಾಸದ ಲೆಕ್ಕ ಎರಡು ಬಗೆ. ಮಂಡ್ಯ, ಮದ್ದೂರು, ಮಳವಳ್ಳಿಯ ಲ್ಯಾಟಿನ್ ಸಂಪ್ರದಾಯದವರು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದವರು. ಅವರ ತಪಸ್ಸುಕಾಲ ಬೂದಿ ಬುಧವಾರದಿಂದ 40 ದಿನ, ನಡುವಿನ ಭಾನುವಾರಗಳು ಲೆಕ್ಕಕ್ಕಿಲ್ಲ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಆಶೀರ್ವದಿಸಿದ ಗರಿಯನ್ನು ಸುಟ್ಟು ಮಾಡಿದ ಬೂದಿ ಅಂದು ಹಣೆಗೇರುತ್ತದೆ. ಕೇರಳ ಮೂಲದ ಸಿರೊ-ಮಲಬಾರ್ ಸಭೆಗೆ 2010ರಲ್ಲಿ ಮಂಡ್ಯದ ಹೆಸರಿನಲ್ಲೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. ಅವರ ಮಹಾ ಉಪವಾಸ 50 ದಿನದ್ದು, ಮೊದಲಾಗುವುದು ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರ. ಪ್ರಾರ್ಥನೆ, ಉಪವಾಸ, ದಾನ ಎಂಬ ಮೂರು ಕೆಲಸ ಮಾತ್ರ ಎರಡೂ ಕಡೆ ಒಂದೇ.