ಮನೆಯ ಮಾತು, ಶಾಲೆಯ ಅಕ್ಷರ

ಒಂದನೆಯ ತರಗತಿ. ಗೋಡೆಯ ಮೇಲೆ ಒಂದು ಮನೆಯ ಚಿತ್ರ. 'ಇದೇನು?' ಎಂದು ಉಪಾಧ್ಯಾಯರು ಕೇಳುತ್ತಾರೆ. ಹಿಂದಿನ ಸಾಲಿನ ಮಗುವಿಗೆ ಅದೇನೆಂಬುದು ಚೆನ್ನಾಗಿ ಗೊತ್ತು. ಆದರೆ ಅದರ ನಾಲಗೆಗೆ ಬರುವ ಮಾತು 'ಘರ್'. ತರಗತಿ ನಿರೀಕ್ಷಿಸುವುದು 'ಮನೆ'. ಮಗು ಸುಮ್ಮನಾಗುತ್ತದೆ. ಆ ಮೌನವನ್ನು ದಡ್ಡತನವೆಂದು ಬಗೆಯುವುದು ಸುಲಭ. ಆದರೆ ಅದು ದೊಡ್ಡ ತಪ್ಪು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಭಕ್ತರು ಪೂಜಿಸುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿಯೇ. ಕನ್ನಡ ದ್ರಾವಿಡ ಭಾಷೆ; ಲಂಬಾಣಿಯಾದರೋ ರಾಜಸ್ಥಾನಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ೨೦೧೧ರ ಜನಗಣತಿಯಲ್ಲಿ ದೇಶದ ೩೨ ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ತಾಯಿನುಡಿಯೆಂದು ಬರೆಸಿದ್ದಾರೆ.

ಒಂದೇ ಸಮೀಕರಣದಲ್ಲಿ ಎರಡು ಅವ್ಯಕ್ತಗಳಿದ್ದರೆ ಅದನ್ನು ಬಿಡಿಸಲಾಗದೆಂದು ಬೀಜಗಣಿತದಲ್ಲಿ ಓದಿದ್ದೇವೆ. ಓದು ಕಲಿಯುವಾಗಲೂ ಎರಡು ಸಂಬಂಧಗಳು ತಿಳಿಯಬೇಕು: ಅಕ್ಷರಕ್ಕೂ ಧ್ವನಿಗೂ ಇರುವುದು ಒಂದು, ಧ್ವನಿಗೂ ಅರ್ಥಕ್ಕೂ ಇರುವುದು ಇನ್ನೊಂದು. ಕನ್ನಡ ಮನೆಯ ಮಗುವಿಗೆ ಎರಡನೆಯದು ಮೊದಲೇ ಗೊತ್ತು. ಕನ್ನಡ ಕಿವಿಗೆ ಬೀಳದೆ ಬೆಳೆದ ತಾಂಡಾದ ಮಗುವಿಗೆ ಎರಡೂ ಅವ್ಯಕ್ತ. ಆದುದರಿಂದ ಮೊದಲು 'ಘರ್' ಎಂಬುದನ್ನೇ ಕನ್ನಡ ಲಿಪಿಯಲ್ಲಿ ಬರೆದು ಓದಿಸಬೇಕು. ಆಟ ಹಾಡುಗಳ ಮೂಲಕ ಕನ್ನಡ ಮಾತನ್ನು ಜತೆಗೇ ಕಲಿಸಬೇಕು. ಅಕ್ಷರ ವಶವಾದ ಮೇಲೆ ಪಕ್ಕದಲ್ಲಿ 'ಮನೆ' ಎಂದು ಬರೆದರೆ ಮಗುವಿಗೆ ತೊಡಕೆನಿಸದು.

ಲಂಬಾಣಿಗೆ ಕನ್ನಡ ಲಿಪಿ ಒಗ್ಗುವುದೇ? ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಕ', 'ಖ' ಎಂದು ಹೇಳಿ ನೋಡಿರಿ. ಎರಡನೆಯದರಲ್ಲಿ ಉಸಿರು ರಭಸದಿಂದ ತಾಗುತ್ತದೆ, ಇದೇ ಮಹಾಪ್ರಾಣ. ಅಚ್ಚಗನ್ನಡ ಮಾತುಗಳಲ್ಲಿ ಇದು ಅಪರೂಪವಾದುದರಿಂದ ಕನ್ನಡದ ಮಕ್ಕಳೇ ಇಲ್ಲಿ ಎಡವುತ್ತಾರೆ. ಕುದುರೆಯನ್ನು 'ಘೋಡೋ' ಎನ್ನುವ ಮಗುವಿಗಾದರೋ 'ಘ' ಮನೆಯಲ್ಲೇ ಬಂದ ಸಂಪತ್ತು. ಹೀಗೆಯೇ, ಲಂಬಾಣಿಯಲ್ಲಿರುವುದು ಎರಡೇ ಲಿಂಗ, ನಪುಂಸಕವಿಲ್ಲ. 'ಬಸ್ಸು ಬಂದನು' ಎಂದು ಮಗು ಹೇಳಿದರೆ ಅದು ಅಜ್ಞಾನವಲ್ಲ. ಮನೆಮಾತಿನ ನಿಯಮವನ್ನು ಕನ್ನಡಕ್ಕೆ ಅನ್ವಯಿಸಿದೆ, ಅಷ್ಟೆ.

ಇಂತಹ ಸಮಸ್ಯೆ ನಮ್ಮದೊಂದೇ ಅಲ್ಲ. ಇಂದಿನ ಜಿಂಬಾಬ್ವೆಯ ಶೋನಾ ಭಾಷೆಯ ಉಪಭಾಷೆಗಳಿಗೆ ಒಂದೇ ಬರಹವನ್ನು ರೂಪಿಸಲು ಭಾಷಾವಿಜ್ಞಾನಿ ಕ್ಲೆಮೆಂಟ್ ಡೋಕ್ ೧೯೩೧ರಲ್ಲಿ ವರದಿಯಿತ್ತರು. ಅದರ ಸಿಳ್ಳಿನಂತಹ ಧ್ವನಿಗಳಿಗೆಂದು ಹೊಸ ಅಕ್ಷರಗಳೂ ಬಂದವು. ೧೯೫೫ರಲ್ಲಿ ಅವನ್ನು ಕೈಬಿಟ್ಟು ಸಾಮಾನ್ಯ ರೋಮನ್ ಅಕ್ಷರಗಳ ಜೋಡಿಗಳನ್ನೇ ಬಳಸತೊಡಗಿದರು. ಎಲ್ಲರಿಗೂ ಪರಿಚಿತವಾದ ಅಕ್ಷರಗಳೇ ಸಾಕಾದವು. ಮುಂದೆ ೧೯೮೭ರ ಶಿಕ್ಷಣ ಶಾಸನವು ನಾಲ್ಕನೆಯ ತರಗತಿಗೆ ಮುನ್ನ ಶೋನಾದಲ್ಲಿ ಪಾಠ ಹೇಳಲು ಅವಕಾಶವಿತ್ತಿತು.

ನಮ್ಮ ದೇಶದಲ್ಲಿಯೂ ದಾರಿ ಉಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂಬ ೩೫೦ಎ ವಿಧಿ ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿತು. ಆಂಧ್ರಪ್ರದೇಶವು ೨೦೦೪ರಲ್ಲಿ ಆರಂಭಿಸಿದ ಬಹುಭಾಷಾ ಶಿಕ್ಷಣದ ಎಂಟು ಭಾಷೆಗಳಲ್ಲಿ ಲಂಬಾಣಿಯೂ ಒಂದು.

ತಾಂಡಾದಿಂದ ಕಾಲೇಜಿಗೆ ಬಂದಿರುವ ತರುಣರೇ, ಇಲ್ಲಿ ನಿಮ್ಮ ಕೆಲಸವೂ ಇದೆ. ನಿಮ್ಮ ತಮ್ಮ ತಂಗಿಯರಿಗಾಗಿ ಒಂದು ಮಗ್ಗುಲಲ್ಲಿ 'ಘರ್', ಇನ್ನೊಂದು ಮಗ್ಗುಲಲ್ಲಿ 'ಮನೆ' ಎಂದು ಬರೆದ ರಟ್ಟುಗಳನ್ನು ಸಿದ್ಧಪಡಿಸಿರಿ. ನಿಮ್ಮ ಊರಿನ ಶಾಲೆಯ ಉಪಾಧ್ಯಾಯರಿಗೆ ಅವುಗಳ ಉಚ್ಚಾರಣೆಯನ್ನು ತಿಳಿಸಿರಿ. ಆಗ ಹಿಂದಿನ ಸಾಲಿನ ಮಗು ಬಾಯಿ ತೆರೆಯುತ್ತದೆ.